ತಾಯಿಯ ದಿನಗಳು

"ಇದ್ಯಾವುದಮ್ಮ ಈ ಸಾಲು?" ನಿರ್ದೇಶಕರು ಪೆನ್ನಿನ ತುದಿಯಿಂದ ಕಂಪ್ಯೂಟರ್ ಪರದೆಯನ್ನು ಕುಟ್ಟಿದರು. "ಆಸ್ಪತ್ರೆ ಖರ್ಚು ಸರಿ, ಔಷಧಿ ಸರಿ, ಅಪ್ಪನ ಕೂಲಿ ಹೋಯ್ತು ಅನ್ನೋದೂ ಸರಿ. 'ತಾಯಿಯ ದಿನಗಳು' ಅಂದ್ರೆ?"

"ಮಗು ವಾಂತಿಭೇದಿ ಆಗಿ ಮಲಗಿದ್ರೆ ತಾಯಿ ಪಕ್ಕದಲ್ಲಿ ಕೂರ್ತಾಳಲ್ಲ ಸರ್, ಆ ದಿನಗಳು," ಎಂದಳು ಲೆಕ್ಕದವಳು. ಆರೋಗ್ಯ ಇಲಾಖೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದೇ ಹಾಗೆ. ಹೊಳೆಯಾಚೆಯ ಕೂಸುಗಳಿಗೆಲ್ಲ ವಾಂತಿಭೇದಿ ತಡೆಯುವ ಲಸಿಕೆಯ ಹನಿ ಹಾಕಿಸಿದರೆ ಹಾಕಿದ ದುಡ್ಡಿಗೆ ಗಿಟ್ಟುತ್ತದೋ ಇಲ್ಲವೋ ಎಂದು ಹೇಳುವ ಗಣಿತದ ಮಾದರಿ ಅವಳು ಕಟ್ಟಿದ್ದು. ಗಿಟ್ಟುತ್ತದೆ ಎಂದೇ ಉತ್ತರ ಬಂದಿತ್ತು. ಸಂಜೆ ಅದು ಸಮಿತಿಯ ಮುಂದೆ ಹೋಗಬೇಕು.

"ಅವರೇನು ಸಂಬಳ ತಗೋತಾರಾ? ಮಗು ಹುಷಾರಿದ್ರೂ ಮನೇಲೇ, ಇಲ್ದಿದ್ರೂ ಮನೇಲೇ. ಸೊನ್ನೆ ಹಾಕಮ್ಮ."

"ಸೊನ್ನೆ ಹಾಕಿದ್ರೆ ಲಸಿಕೆ ಗಿಟ್ಟಲ್ಲ ಸರ್. ಹನಿ ಹಾಕೋದೇ ಬೇಡ ಅಂತಾಗತ್ತೆ."

"ಆದ್ರೆ ಆಗ್ಲಿ. ಕರುಳು ಬೇರೆ, ಗಣಿತ ಬೇರೆ."

ಹೋದ ವಾರವಷ್ಟೇ ಮಗಳ ವಾಂತಿ ಬಳಿದು, ನಿದ್ದೆಗೆಟ್ಟ ಕಣ್ಣಲ್ಲೇ ಈ ಸೂತ್ರಗಳನ್ನು ತಿದ್ದಿದವಳು ಅವಳು. ಬೆರಳು ಸೊನ್ನೆಯ ಕೀಲಿಯ ಮೇಲೆ ನಿಂತಿತು, ಒತ್ತಲಿಲ್ಲ.

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ರಿಂಗಣಿಸಿತು. ನಿರ್ದೇಶಕರಿಗೆ ಕಿವಿ ಕೊಂಚ ಮಂದ, ಹಾಗಾಗಿ ಯಾವಾಗಲೂ ಸ್ಪೀಕರಿನಲ್ಲೇ ಮಾತು. ಹೆಂಡತಿಯ ದನಿ ಕೋಣೆಯನ್ನೆಲ್ಲ ತುಂಬಿತು.

"ರೀ, ಮೊಮ್ಮಗನಿಗೆ ಭೇದಿ ಇನ್ನೂ ನಿಂತಿಲ್ಲ. ಡ್ರಿಪ್ ಹಾಕಿದಾರೆ, ಸೂಜಿ ಕಿತ್ತುಕೊಳ್ತಾನೆ ಅಂತ ಕೈ ಹಿಡ್ಕೊಂಡೇ ಕೂತಿದೀನಿ. ಸೊಸೆ ಸೋತು ಸುಣ್ಣ ಆಗಿದಾಳೆ, ನನ್ನ ಸೊಂಟ ಬಿದ್ದುಹೋಯ್ತು. ಒಂದು ಗಳಿಗೆ ಬಂದು ಕೂರ್ತೀರಾ?"

"ನಾನಾ? ನಾನು ಎದ್ದು ಬಂದ್ರೆ ಇಲ್ಲಿ ಎಷ್ಟು ನಷ್ಟ ಗೊತ್ತೇನೇ? ನೀನಿದೀಯಲ್ಲ. ನೀನಿಲ್ದಿದ್ರೆ ನರ್ಸಮ್ಮನ್ನ ಇಡಬೇಕಿತ್ತು. ಅವರು ಕೇಳೋ ದುಡ್ಡು ಕೇಳಿದ್ರೆ ಎದೆ ಒಡೆಯತ್ತೆ."

"ಹಾಗಾದ್ರೆ ಅದನ್ನ ನನ್ನ ಕೈಗೇ ಕೊಡ್ರೀ."

"ಆಹಾ, ಮನೆಯವಳಿಗೂ ಸಂಬಳವಂತೆ!" ನಿರ್ದೇಶಕರು ಹೊಟ್ಟೆ ಕುಲುಕಿಸಿ ನಕ್ಕು ಫೋನು ಆರಿಸಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಅದನ್ನು ಎಲ್ಲಿಟ್ಟೆನೆಂದು ಕಾಗದಗಳ ನಡುವೆ ತಡಕಾಡಿದರು. "ಎಲ್ಲಿದ್ವಮ್ಮ? ಹ್ಞಾಂ, ಆ ಸಾಲು. ಹಾಕಿದ್ಯಾ?"

ಅವಳು ಉತ್ತರಿಸುವ ಮೊದಲೇ ಫೋನು ಮತ್ತೆ ರಿಂಗಣಿಸಿತು.

"ಥೂ, ಕನ್ನಡಕ ಬೇರೆ ಸಿಗ್ತಿಲ್ಲ. ಯಾರು ನೋಡಮ್ಮ."

ಲೆಕ್ಕದವಳು ಕೀಲಿಯ ಮೇಲಿನ ಬೆರಳನ್ನು ತೆಗೆದು, 'ಮನೆಯವಳು' ಎಂದು ಮಿನುಗುತ್ತಿದ್ದ ಫೋನನ್ನು ಎತ್ತಿ ಅವರ ಮುಖದ ಮುಂದೆ ಹಿಡಿದಳು.

"ಸೊನ್ನೆ, ಸರ್."