ಮಲಕಪ್ಪನವರ ಹಾಸಿಗೆಯ ಇರುವೆಗಳು

"ಹಾಸಿಗಿ ತುಂಬ ಇರಿವಿ! ಝಾಡಿಸ್ರಿ ಅಂದ್ರ ಝಾಡಿಸ್ರಿ!"

ಪುಣೆಯ ಆಸ್ಪತ್ರೆಯಲ್ಲಿ ಮಲಕಪ್ಪನವರು ಹೀಗೆ ಕೂಗಿಕೊಂಡಾಗ ಹೆಂಡತಿ ಚನ್ನಬಸವ್ವ ಹೊದಿಕೆ ಎತ್ತಿ ನೋಡಿದಳು. ಹಾಸಿಗೆಯ ಮೇಲೆ ಒಂದು ಇರುವೆಯೂ ಇರಲಿಲ್ಲ. ತೊಡೆಯ ಮೂಳೆ ಮುರಿದು ಆಪರೇಷನ್ ಆಗಿ ಮೂರನೆಯ ದಿನ. ಕಾಲು ಸರಿಹೋಯಿತು ಎನ್ನುವಷ್ಟರಲ್ಲಿ ಸನ್ನಿ ಹಿಡಿದಿತ್ತು. ಕನ್ನಡ ಸಂಘದ ವ್ಯಸನಮುಕ್ತಿ ಸಮಿತಿಗೆ ಇಪ್ಪತ್ತು ವರ್ಷ ಅಧ್ಯಕ್ಷರಾಗಿ ಕಂಡಕಂಡ ಕುಡುಕರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ. ಅವರದೇ ಬುದ್ಧಿ ಕೆಟ್ಟಿತೆಂದರೆ ನಾಳೆ ಸಂಘದಲ್ಲಿ ಮುಖ ತೋರಿಸುವುದು ಹೇಗೆ?

ಡಾಕ್ಟರ್ ಕೇದಾರನಿಗೆ ಮಾತ್ರ ಒಳಗೊಳಗೇ ಹಿಗ್ಗು. ಸನ್ನಿ ಹಿಡಿದವರ ಮಿದುಳಿನ ಚಿತ್ರ ತೆಗೆದು ಕಾರಣ ಹುಡುಕುವುದೇ ಅವನ ಸಂಶೋಧನೆ. ಧಾರವಾಡದ ಹುಡುಗ, ಮಾತು ಮೆತ್ತಗೆ.

"ಅಮ್ಮಾರ, ಯಜಮಾನ್ರ ಕೊರಳಾಗಿನ ಲಿಂಗದ ಕರಡಿಗಿ ತೆಗೀಬೇಕ್ರಿ. ಬೆಳ್ಳಿ-ಕಬ್ಬಿಣ ಏನೂ ಮಷೀನಿನೊಳಗ ಒಯ್ಯೂ ಹಂಗಿಲ್ಲ."

"ಲಿಂಗ ಬಿಟ್ಟು ಅವರು ಒಂದು ಗಳಿಗಿ ಇದ್ದಿಲ್ರಿ," ಎನ್ನುತ್ತ ಚನ್ನಬಸವ್ವ ಅದನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡಳು. ಚುಚ್ಚುಮದ್ದಿನಿಂದ ನಿದ್ದೆಹೋದ ಗಂಡನನ್ನು ಒಳಗೆ ತಳ್ಳಿದರು. ಮಷೀನು ಧಡಧಡ ಬಡಿಯತೊಡಗಿತು. ಬೆಳ್ಳಿ ಕರಡಿಗೆಯ ಮುಚ್ಚಳ ಬಾಗಿಲ ಹೊರಗೆ ನಿಂತ ಅವಳ ಕೈಯಲ್ಲಿ ಕಟಕಟ ಅಂದಿತು. ಹೆದರಿಕೆ, ಅಂದುಕೊಂಡಳು.

ಸಂಜೆ ಕೇದಾರ ಸಪ್ಪೆ ಮುಖ ಹೊತ್ತು ಬಂದ. "ಮಿದುಳು ಭೇಷ್ ಅದರಿ. ಬಾವಿಲ್ಲ, ಗಂಟಿಲ್ಲ." ಆಮೇಲೆ ದನಿ ತಗ್ಗಿಸಿದ. "ಯಜಮಾನ್ರು ಕುಡೀತಾರೇನ್ರಿ?"

"ಶಿವಶಿವಾ! ಸೆರೆ ಅಂಗಡಿ ಇದ್ದ ಓಣ್ಯಾಗ ಕಾಲಿಟ್ಟವರಲ್ಲ!"

"ಔಷಧ ಏನರೆ?"

"ಸಂಜೀಕ ಪಚನಕ್ಕಂತ ದ್ರಾಕ್ಷಾರಿಷ್ಟ, ಅಷ್ಟ. ಇಂದಾಪುರದ ವೈದ್ಯರು ಬಸ್ಸಿನ್ಯಾಗ ಕಳಸ್ತಾರ."

"ಎಷ್ಟ ಚಮಚಾ?"

"ಚಮಚದಾಗ ಯಾರ ಅಳತಿ ಮಾಡಕೋತ ಕೂಡಬೇಕ್ರಿ? ದಿನಾ ಎರಡ ಬಾಟ್ಲಿ ಆಗ್ತಾವ."

ಕೇದಾರ ನಗು ತಡೆಯಲು ಪೆನ್ನು ಕಚ್ಚಿದ. "ಅದರಾಗ ಸೆರೆ ಇರತದ್ರಿ ಅಮ್ಮಾರ. ದ್ರಾಕ್ಷಿ ಹುಳಿ ಬರಿಸಿ ಮಾಡಿದ್ದು. ಮೂರು ದಿನ ತಪ್ಪಿತು, ಸನ್ನಿ ಏರಿತು. ಗುಳಿಗಿ ಕೊಡ್ತೀನಿ, ವಾರದಾಗ ಆರಾಮ ಆಗ್ತಾರ."

ಗಂಡ ಉಳಿದನೆಂಬ ಸಮಾಧಾನ, ಹೀಗೆ ಉಳಿದನಲ್ಲ ಎಂಬ ನಾಚಿಕೆ. ಚನ್ನಬಸವ್ವ ಸೆರಗನ್ನು ಮುಖದವರೆಗೆ ಎಳೆದುಕೊಂಡಳು.

"ಎರಡೂ ಬಾಟ್ಲಿ ಅವರೊಬ್ಬರ ಕುಡೀತಿದ್ರೇನ್ರಿ?" ಕೇದಾರ ಬಿಡಲಿಲ್ಲ.

ಅವಳು ಕಿಟಕಿಯತ್ತ ಮುಖ ತಿರುಗಿಸಿದಳು. ಗಂಡನ ಜೊತೆ ಅವಳೂ ಮೂರು ದಿನದಿಂದ ಆಸ್ಪತ್ರೆ ಬಿಟ್ಟು ಕದಲಿರಲಿಲ್ಲ. ಮಷೀನು ನಿಂತು ಎಷ್ಟೋ ಹೊತ್ತಾಗಿದ್ದರೂ ಕೈಯಲ್ಲಿನ ಕರಡಿಗೆ ಮತ್ತೆ ಕಟಕಟ ಅಂದಿತು.

"ಅದಿರಲಿ ಬಿಡ್ರಿ ಡಾಕ್ಟರ," ಎಂದಳು ಕೊನೆಗೆ, ಅವನ ಇಸ್ತ್ರಿ ಮಾಡಿದ ಬಿಳಿ ಕೋಟನ್ನು ದಿಟ್ಟಿಸುತ್ತ. "ಮೊದಲ ನಿಮ್ಮ ಕೋಟ ಝಾಡಿಸ್ಕೋರಿ. ಎಷ್ಟ ಇರಿವಿ ಹತ್ಯಾವ!"