ಕೈಬಲದ ಬಲ್ಬು

“ನಮ್ಮ ಯಂತ್ರಾನೇ ಸುಳ್ಳು ಅಂತೀಯಾ? ಎಷ್ಟು ಕೊಬ್ಬು ನಿಂಗೆ!”

ವಿಜ್ಞಾನ ವಸ್ತುಸಂಗ್ರಹಾಲಯದ ಅಧಿಕಾರಿ ಕೂಗಾಡುತ್ತಿದ್ದದ್ದು ಹಳ್ಳಿ ಶಾಲೆಯ ಏಳನೇ ತರಗತಿ ಹುಡುಗಿಯ ಮೇಲೆ. ‘ಮಾಡಿ ಕಲಿ’ ಶಿಬಿರದ ಮೊದಲ ದಿನ. ಹ್ಯಾಂಡಲ್ ತಿರುಗಿಸಿದರೆ ಕೈಬಲದಿಂದಲೇ ಕರೆಂಟು ಹುಟ್ಟಿ ಬಲ್ಬು ಉರಿಯುತ್ತದೆ ಎಂದು ಅವರು ಆಗಷ್ಟೇ ವಿವರಿಸಿದ್ದರು.

“ನಮ್ಮಪ್ಪನ ಸೈಕಲ್ ಡೈನಮೋ ದೀಪ ಜೋರಾಗಿ ತುಳುದ್ರೆ ಜೋರಾಗಿ ಉರೀತದೆ ಸಾರ್. ಇದು ಹೆಂಗ್ ತಿರುಗ್ಸಿದ್ರೂ ಒಂದೇ ಸಮ ಉರೀತದೆ.”

“ನಾನು ಜರ್ಮನಿಯಲ್ಲಿ ತರಬೇತಿ ಪಡೆದವನು! ನಿಮ್ಮಪ್ಪ ಎಲ್ಲಿ ಪಡೆದ? ಎಲ್ಲರ ಮುಂದೆ ತಪ್ಪಾಯ್ತು ಅನ್ನು. ಇಲ್ಲಾಂದ್ರೆ ಶಿಬಿರದಿಂದ ನಿನ್ನ ಹೆಸರು ಹೊಡೆದು ಹಾಕ್ತೀನಿ.”

ಶಾಲೆಗೆ ಒಬ್ಬರಿಗೇ ಅವಕಾಶ. “ಅಂದ್ಬುಡವ್ವ,” ಎಂದು ಜೊತೆಗೆ ಬಂದಿದ್ದ ಮೇಷ್ಟ್ರು ಅಂಗಲಾಚಿದರು.

“ಮೊದಲು ತಿರುಗಿಸು. ಎಲ್ಲರೂ ನೋಡಲಿ. ಆಮೇಲೆ ಕ್ಷಮೆ ಕೇಳು,” ಎಂದರು ಅಧಿಕಾರಿ.

ಹುಡುಗಿ ಕಣ್ಣೊರೆಸಿಕೊಂಡು ಹ್ಯಾಂಡಲ್ ತಿರುಗಿಸಿದಳು. ಬಲ್ಬು ಉರಿಯಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

“ಈಗ ಹೇಳು!” ಅಧಿಕಾರಿ ಮೀಸೆ ತಿರುವಿದರು.

“ತಪ್ಪಾ...” ಎನ್ನುವಷ್ಟರಲ್ಲಿ ತಲೆಯ ಮೇಲಿನ ಫ್ಯಾನುಗಳೆಲ್ಲ ನಿಂತವು. ಬಲ್ಬೂ ಆರಿತು.

ಹುಡುಗಿ ಹ್ಯಾಂಡಲ್ ಬಿಡಲಿಲ್ಲ. “ಸಾರ್, ನಾನಿನ್ನೂ ತಿರುಗಿಸ್ತಾನೇ ಇವ್ನಿ.”

“ಜನರೇಟರ್ ಹಾಕಿಸ್ಕೊಂಡು ಬರ್ತೀನಿ,” ಎನ್ನುತ್ತ ಅಧಿಕಾರಿ ಬಾಗಿಲ ಕಡೆ ನಡೆದರು.

ಅರ್ಧ ಗಂಟೆಗೆ ಕರೆಂಟು ಬಂತು. ಅಧಿಕಾರಿ ಬರಲಿಲ್ಲ.