ಸೆರಗಿನ ಕೆಳಗಿನ ಜಾಕೀಟು

ಲಿಂಗಣ್ಣ ಹಸಿರು ಬಾವುಟ ಬೀಸಿದ. ಕಾಂಕ್ರೀಟ್ ಲಾರಿ ಹಿಂದಕ್ಕೆ ಸರಿಯತೊಡಗಿತು. ಹತ್ತು ಮಾರು ಬಂದಿರಬಹುದು, ಜಲ್ಲಿ ಹೊರುತ್ತಿದ್ದ ಮುದುಕಿ ಗದಿಗೆಮ್ಮ ಗಂಟಲು ಹರಿಯುವಂತೆ ಕೂಗಿದಳು. ಅವನು ಕೆಂಪು ಬಾವುಟ ಎತ್ತಿ ಸೀಟಿ ಊದುವುದಕ್ಕೂ ಚಾಲಕ ಬ್ರೇಕು ಒತ್ತುವುದಕ್ಕೂ ಸರಿಹೋಯಿತು. ಗಾಲಿಯ ಕೆಳಗೆ ಕಬ್ಬಿಣದ ಬುಟ್ಟಿಯೊಂದು ರೊಟ್ಟಿಯ ಹಾಗೆ ಚಪ್ಪಟೆಯಾಗಿತ್ತು. ಬುಟ್ಟಿ ಕೈಬಿಟ್ಟ ರೇಣುಕಾ ಗೇಣು ದೂರದಲ್ಲಿ ಜಲ್ಲಿಯ ಮೇಲೆ ಕೂತುಬಿಟ್ಟಿದ್ದಳು. ದೇವರು ದೊಡ್ಡವನು, ಮೈಗೆ ತರಚು ಗಾಯವೂ ಆಗಿರಲಿಲ್ಲ.

ರೇಣುಕಾ ಲಿಂಗಣ್ಣನ ತಮ್ಮನ ಹೆಂಡತಿ. ಸುರಪುರದ ಕಡೆಯ ಒಂದೇ ಊರಿನ ಹನ್ನೆರಡು ಮಂದಿ ತೆಲುಗು ಸೀಮೆಯ ಕುಷಾಯಿಗೂಡದ ಈ ಸೇತುವೆ ಕೆಲಸಕ್ಕೆ ಬಂದಿದ್ದರು. ಆ ತಮ್ಮ ಸೇತುವೆಯ ಕಂಬದ ತುದಿಯಲ್ಲಿ ಸರಳು ಕಟ್ಟುತ್ತಿದ್ದ. ಅವನಿಗೆ ಕೆಳಗಿನ ಗದ್ದಲ ಕೇಳಿಸಿರಲಿಲ್ಲ. ಕೆಲಸದ ಸುರಕ್ಷತೆ ನೋಡಿಕೊಳ್ಳುವ ಸಾಯಿಕುಮಾರ ಓಡುತ್ತ ಬಂದ. ಗಡಿಯ ನಾರಾಯಣಪೇಟೆಯವನು, ಕನ್ನಡ ಬಲ್ಲವನು.

“ಜಾಕೀಟ ಎಲ್ಲೈತಮ್ಮಾ ನಿಂದು?”

ರೇಣುಕಾ ತಲೆ ಎತ್ತಲಿಲ್ಲ. ಗದಿಗೆಮ್ಮ ಅವಳ ಸೆರಗಿನ ತುದಿಯನ್ನು ಮೆಲ್ಲಗೆ ಸರಿಸಿ ತೋರಿಸಿದಳು. ಕಿತ್ತಳೆ ಬಣ್ಣದ ಜಾಕೀಟು ಅಲ್ಲೇ ಇತ್ತು, ಹೊಳೆಯುವ ಬೆಳ್ಳಿ ಪಟ್ಟಿ ಸಮೇತ. ಅದರ ಮೇಲೆ ಸಿಮೆಂಟು ಬಣ್ಣದ ಸೆರಗು, ಹೆಲ್ಮೆಟ್ಟಿನಿಂದ ಹಿಡಿದು ಟೊಂಕದ ತನಕ. ಹಿಂದಿನಿಂದ ನೋಡಿದರೆ ಜಲ್ಲಿಯ ರಾಶಿ ಯಾವುದು, ಹೆಣ್ಣುಮಗಳು ಯಾರು ತಿಳಿಯುವಂತಿರಲಿಲ್ಲ.

“ಹೊಳಿಯೋದನ್ನ ಮುಚ್ಚಿಟ್ಕೊಂಡು ಅಡ್ಡಾಡ್ತೀಯಲ್ಲ, ಲಗ್ನದ ಸೀರಿ ಅಂತ ತಿಳಿದೀ ಏನು?” ಅಂದ ಸಾಯಿಕುಮಾರ.

ಊರಿನ ಹೆಂಗಸರೆಲ್ಲ ನೆಲ ನೋಡಿದರು. ಕಾರಣ ಅವರಿಗೆ ಗೊತ್ತು: ಎದುರಿಗೆ ಭಾವ ನಿಂತಿದ್ದಾನೆ. ಭಾವನ ಮುಂದೆ ಅವಳು ಸೆರಗು ಹೊದೆಯುವುದು, ಅವಳು ಬಂದರೆ ಅವನು ಕಣ್ಣು ಹೊರಳಿಸುವುದು ಆ ಮನೆಯಲ್ಲಿ ಸಂಜೆ ದೀಪ ಹಚ್ಚಿದಷ್ಟೇ ಸಹಜ. ಮನೆಯಲ್ಲಾದರೆ ಒಬ್ಬರು ಪಡಸಾಲೆಯಲ್ಲಿ, ಒಬ್ಬರು ಅಡುಗೆಮನೆಯಲ್ಲಿ. ಇಲ್ಲಿ ನಡುವೆ ಗೋಡೆ ಇಲ್ಲ.

ಸಾಯಿಕುಮಾರ ಲಿಂಗಣ್ಣನ ಕಡೆ ತಿರುಗಿದ. ಬಾವುಟ ಬೀಸುವ ಮುಂಚೆ ಹಿಂದೆ ಯಾರಿದ್ದಾರೆ ನೋಡಿದೆಯಾ ಎಂದು ಕೇಳಿದ. ಎಲ್ಲರನ್ನೂ ನೋಡಿದೆ ಅಂದ ಲಿಂಗಣ್ಣ.

“ಈಕಿನ್ನ?”

ಲಿಂಗಣ್ಣ ಸೋಮವಾರ ಒಪ್ಪತ್ತು ಉಣ್ಣುವವನು, ಸುಳ್ಳಾಡಿ ಗೊತ್ತಿಲ್ಲ. ಆ ಕಡೆ ಸೀರೆಯ ಅಂಚು ಕಂಡಿತ್ತು. ಕಂಡೊಡನೆ ಕಣ್ಣು ತಾನಾಗಿ ಬೇರೆ ಕಡೆ ಹೋಗಿತ್ತು. ಆಮೇಲೆ ಕಿತ್ತಳೆ ಬಣ್ಣಗಳನ್ನಷ್ಟೇ ಹುಡುಕಿದ್ದ. ಅವೆಲ್ಲ ಬದಿಗೆ ಸರಿದಿದ್ದವು.

“ನೋಡಿಲ್ರಿ,” ಅಂದ. “ಹನ್ನೊಂದು ವರ್ಷ ಆತು, ನೋಡಿಲ್ಲ.”

ಹಾಗಾದರೆ ಸಾಯಿಕುಮಾರನಿಗೆ ಕಂಡ ದಾರಿ ಎರಡೇ. ಇವಳು ಜಾಕೀಟು ಸೆರಗಿನ ಮೇಲೆ ಹಾಕಿಕೊಳ್ಳಬೇಕು. ಇಲ್ಲವೇ ಇಬ್ಬರಲ್ಲಿ ಒಬ್ಬರು ನಾಳೆಯಿಂದ ಗೇಟಿನ ಒಳಗೆ ಬರುವಂತಿಲ್ಲ. ಲಿಂಗಣ್ಣ ಬಾವುಟದ ಕೋಲು ನೋಡುತ್ತ, ಆ ಮಾತನ್ನು ಆಕೆಗೆ ನೀವೇ ಹೇಳಿರಿ ಎಂದು ಕೇಳಿಕೊಂಡ.

“ಎರಡು ಮೊಳ ದೂರ ಕೂತಾಳ, ಕಿವಿ ಅದಾವ. ನಿಮ್ಮ ಮನಿ ಟಪಾಲು ನಾ ಯಾಕ ಹೊರಲಿ?”

ರೇಣುಕಾ ಗದಿಗೆಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಗದಿಗೆಮ್ಮ ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು. ಮೇಲೆ ಹಾಕಿಕೊಂಡರೆ ಸೆರಗು ಒಳಗೆ ಸಿಕ್ಕಿಬೀಳುತ್ತದೆ, ತಲೆಗೆ ಎಳೆದುಕೊಳ್ಳಲು ಬರುವುದಿಲ್ಲ. ಅದೂ ಹೋಗಲಿ, ಜಾಕೀಟು ಗಂಡಸರ ಅಳತೆಯದು. ತೋಳಿನ ಕಂಡಿ ಟೊಂಕ ಮುಟ್ಟುತ್ತದೆ; ಬುಟ್ಟಿಗೆ ಕೈ ಎತ್ತಿದರೆ ಒಳಗಿನ ಸೆರಗು ಅದರೊಳಗಿಂದ ಜಾರಿ ಈಚೆ ಬರುತ್ತದೆ. “ಇದನ್ನ ಹೊಲಿದವ್ರಿಗೆ ಅಕ್ಕ ತಂಗೇರು ಇಲ್ಲೇನೋ,” ಎಂದು ತನ್ನದೂ ಒಂದು ಮಾತು ಸೇರಿಸಿದಳು. ಸಾಯಿಕುಮಾರ ತನ್ನ ಜಾಕೀಟಿನ ಕಂಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಲಾರಿಯ ಚಾಲಕ ಇಳಿದು ಬೀಡಿ ಹಚ್ಚಿದ್ದ.

ಲಿಂಗಣ್ಣ ಚಪ್ಪಟೆಯಾದ ಬುಟ್ಟಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೋಲನ್ನು ನೆಲಕ್ಕೆ ಊರಿ, ಆ ಮನೆಗೆ ಅವಳು ಕಾಲಿಟ್ಟಂದಿನಿಂದ ಆಡದ ಮಾತನ್ನು ಆಡಿದ.

“ರೇಣುಕಾ. ಅದನ್ನ ಮ್ಯಾಲೆ ಹಾಕ್ಕೋವ್ವ. ನಿನ್ನ ಮಾರಿ ನೋಡಿದ ಪಾಪ ಇದ್ರ ನಾ ಹೊರ್ತೀನಿ. ನೋಡದ ಪಾಪ ನನ್ನಿಂದ ಹೊರಾಕ ಆಗಂಗಿಲ್ಲ.”

ಗದಿಗೆಮ್ಮ ಖಾಲಿ ಚೀಲದ ಸುತಳಿ ಬಿಚ್ಚಿ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ದಬ್ಬಳದಿಂದ, ರೇಣುಕಾ ತೆಗೆದುಕೊಟ್ಟ ಜಾಕೀಟಿನ ತೋಳಿನ ಕಂಡಿಗಳನ್ನು ಎರಡೂ ಬದಿ ಅರ್ಧದ ತನಕ ಹೊಲಿದಳು. ರೇಣುಕಾ ಕಂಬದ ಮರೆಗೆ ಹೋಗಿ ಸೆರಗು ಸಿಕ್ಕಿಸಿ, ಜಾಕೀಟು ಮೇಲೆ ಹಾಕಿಕೊಂಡು ಬಂದಳು.

ಇನ್ನು ಮೇಲೆ ಲಾರಿ ಹಿಂದೆ ಬರುವ ಮುಂಚೆ ಬಾವುಟದವನು ಒಬ್ಬೊಬ್ಬರ ಕಣ್ಣಿಗೆ ಕಣ್ಣು ಸೇರಿಸಿ ನೋಡಬೇಕು, ನೋಡಿಸಿಕೊಂಡವರು ಕೈ ಎತ್ತಬೇಕು ಎಂದು ಸಾಯಿಕುಮಾರ ತಾಕೀತು ಮಾಡಿದ. ಲಾರಿ ಮತ್ತೆ ಗುರುಗುಟ್ಟಿತು. ಲಿಂಗಣ್ಣ ನೋಡುತ್ತ ಬಂದ. ಗದಿಗೆಮ್ಮ ಕೈ ಎತ್ತಿದಳು, ಉಳಿದವರು ಎತ್ತಿದರು. ಕೊನೆಗೆ ರೇಣುಕಾ ಕೈ ಎತ್ತಿ ಅವನನ್ನು ನೇರ ನೋಡಿದಳು.

ದಿನಾ ಅವಳು ಬಡಿದ ರೊಟ್ಟಿ ಉಣ್ಣುವ ಮನೆಯಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ: ಅವಳದು ಬೆಕ್ಕಿನ ಕಣ್ಣು.